ಬೇಲಿಯ ಸೊಪ್ಪು, ಕುರಿಯ ಹೊಟ್ಟೆ

ಮೈಸೂರು ರಸ್ತೆಯ ಹಳೆಯ ಪೇಟೆಯಾದ ಕೆಂಗೇರಿಯು ಉಪನಗರದ ಬಡಾವಣೆಗಳು ಹರಡಿದ ಮೇಲೆ, ಅದರಲ್ಲೂ 2021ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಅಲ್ಲಿಯವರೆಗೆ ಬಂದ ಮೇಲೆ, ಬೆಂಗಳೂರಿನ ಒಡಲೊಳಗೆ ಸೇರಿಹೋಯಿತಾದರೂ, ಅದರಾಚೆಗಿನ ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿಗಳ ದಿಕ್ಕಿನಲ್ಲಿ ಕುರಿ ಸಾಕುವ ಮನೆಗಳು ಇನ್ನೂ ಉಳಿದಿವೆ. ನಿವೇಶನವೆಂದು ಗುರುತಾಗಿಯೂ ಮನೆ ಏಳದೆ ಹುಲ್ಲು ಬೆಳೆದ ಜಾಗ, ನೀರಿಳಿದ ಕೆರೆಯಂಗಳ, ರಸ್ತೆಯ ಇಕ್ಕೆಲ ಇವೇ ಈ ಕುರಿಗಳ ಗೋಮಾಳವಾಗಿದ್ದು, ಅವುಗಳ ನಡುವೆ ಬಂಗಲೆಗಳ ಕೈತೋಟ, ಬಡಾವಣೆಯ ಉದ್ಯಾನ ಮತ್ತು ಹೆದ್ದಾರಿಯ ವಿಭಜಕದ ಅಲಂಕಾರಗಿಡಗಳು ಬೆಳೆದು ನಿಂತಿವೆ. 2019ರ ಜಾನುವಾರು ಗಣತಿಯಂತೆ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದು ದೇಶದಲ್ಲಿ ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನದಲ್ಲಿರುವ ಕರ್ನಾಟಕದ ಒಟ್ಟು ಲೆಕ್ಕದಲ್ಲಿ ನಗರದಂಚಿನ ಈ ಕುರಿಗಳ ಪಾಲು ಅತ್ಯಲ್ಪ. ಆದರೆ ಬಯಲುಸೀಮೆಯ ಮಂದೆಗಳು ಎದುರಿಸದ ಒಂದು ಅಪಾಯ, ಅಂದರೆ ತೋಟಗಾರಿಕೆಯ ವಿಷಸಸ್ಯಗಳ ಸಾಮೀಪ್ಯ, ಇವುಗಳ ದಿನನಿತ್ಯದ ಬದುಕಿಗೆ ಅಂಟಿಕೊಂಡಿದೆ.

ಈ ಪ್ರದೇಶದ ಕುರಿಗಳಲ್ಲಿ ಎರಡು ಬಗೆಯಿದೆ. ಕುರಿಗಾಹಿಯ ಹಿಂದೆ ದಿನವಿಡೀ ಅಲೆದು ಮೇಯುವ ಹಿಂಡು ಒಂದಾದರೆ, ಬಕ್ರೀದ್‌ಗೆಂದೋ, ಯುಗಾದಿಯ ಮರುದಿನದ ಹೊಸತೊಡಕಿಗೆಂದೋ, ಊರದೇವತೆಯ ಹರಕೆಗೆಂದೋ ಸಂತೆಯಿಂದ ತಂದು ಮನೆಯ ಮುಂದೆ ಹಗ್ಗದಲ್ಲಿ ಕಟ್ಟಿಹಾಕಿ ಕೆಲವು ದಿನ ಅಥವಾ ವಾರಗಳ ಕಾಲ ಮೇಯಿಸುವ ಒಂಟಿ ಟಗರು ಇನ್ನೊಂದು. ವಿಷಬಾಧೆಯ ಮಾತು ಬಂದಾಗ ಜನರ ಕಲ್ಪನೆಗೆ ಮೊದಲು ಬರುವುದು ಬೇಲಿ ದಾಟಿ ತೋಟಕ್ಕೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಮುಕ್ಕುವ ಹಿಂಡೇ ಆದರೂ, ಹೆಚ್ಚು ಅಪಾಯದಲ್ಲಿರುವುದು ಎರಡನೆಯ ಬಗೆಯ ಕುರಿಯೇ ಎಂದು ಹೇಳಬೇಕಾಗುತ್ತದೆ. ಏಕೆಂದರೆ ಕುರಿ ತಾನಾಗಿ ಗಿಡದ ಬಳಿಗೆ ಹೋಗುವುದಕ್ಕಿಂತ, ಗಿಡವೇ ಕತ್ತರಿಸಲ್ಪಟ್ಟು, ಬಾಡಿ, ರಾಶಿಯಾಗಿ ಹಸಿದ ಕುರಿಯ ಮುಂದೆ ಬಂದು ಬಿದ್ದಾಗ ಸಾವು ಸಂಭವಿಸುವುದು ಹೆಚ್ಚು.

ಇದರ ಕಾರಣವನ್ನು ಕುರಿಯ ಮೇವಿನ ಕ್ರಮದಲ್ಲಿಯೇ ಹುಡುಕಬೇಕು. ಹಸುವು ನಾಲಿಗೆಯಿಂದ ಹುಲ್ಲನ್ನು ಹಿಡಿಹಿಡಿಯಾಗಿ ಸುತ್ತಿ ಎಳೆಯುತ್ತದೆ. ಸೀಳಿದ ಮೇಲ್ದುಟಿಯಿರುವ ಕುರಿಯಾದರೋ ಒಂದೊಂದೇ ಎಲೆಯನ್ನು ಆರಿಸಿ ಕಚ್ಚಬಲ್ಲದು. ಯಾವ ಎಲೆ ತಿನ್ನತಕ್ಕದ್ದು ಎಂಬುದನ್ನು ಮರಿಯು ತಾಯಿಯ ಪಕ್ಕದಲ್ಲಿ ಮೇಯುತ್ತಲೇ ಕಲಿಯುತ್ತದೆ ಮತ್ತು ಒಮ್ಮೆ ಹೊಟ್ಟೆ ಕೆಡಿಸಿದ ರುಚಿಯನ್ನು ಮತ್ತೆ ಮುಟ್ಟದಂತೆ ನೆನಪಿಟ್ಟುಕೊಳ್ಳುತ್ತದೆ. ಇದಲ್ಲದೆ ಕುರಿಯ ನಾಲ್ಕು ಕೋಣೆಗಳ ಜಠರದಲ್ಲಿ ಮೊದಲನೆಯದೂ ಅತಿ ದೊಡ್ಡದೂ ಆದ ಮೆಲುಕುಚೀಲದಲ್ಲಿ ಹುಲ್ಲನ್ನು ಹುದುಗಿಸಿ ಕರಗಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು ನೆಲೆಸಿದ್ದು, ಅವು ಎಷ್ಟೋ ಸಸ್ಯವಿಷಗಳನ್ನು ರಕ್ತಕ್ಕೆ ಸೇರುವ ಮುನ್ನವೇ ಒಡೆದುಹಾಕುತ್ತವೆ.

ಸೂಕ್ಷ್ಮಜೀವಿಗಳ ಈ ಕಾವಲು ಎಷ್ಟು ನಿರ್ಣಾಯಕವಾದದ್ದು ಎಂಬುದಕ್ಕೆ ನಮ್ಮ ಊರುಗಳಲ್ಲಿಯೂ ಮೇವಿಗಾಗಿ ಬೆಳೆಸುವ ಸುಬಾಬುಲ್ ಮರದ ಕಥೆ ಒಳ್ಳೆಯ ಸಾಕ್ಷಿ. ಅದರ ಸೊಪ್ಪಿನಲ್ಲಿರುವ ಮೈಮೋಸಿನ್ ಎಂಬ ವಸ್ತುವಿನಿಂದ ಆಸ್ಟ್ರೇಲಿಯದ ಜಾನುವಾರುಗಳ ಕೂದಲು ಉದುರಿ, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತಿದ್ದರೆ, ಹವಾಯಿ ದ್ವೀಪದ ಆಡುಗಳು ಅದೇ ಸೊಪ್ಪನ್ನು ತಿಂದು ಸುಖವಾಗಿರುವುದನ್ನು ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಗಮನಿಸಿದರು. ಹವಾಯಿಯ ಆಡಿನ ಮೆಲುಕುಚೀಲದ ಬ್ಯಾಕ್ಟೀರಿಯಗಳನ್ನು ಆಸ್ಟ್ರೇಲಿಯದ ಪ್ರಾಣಿಗಳಿಗೆ ಕುಡಿಸಿದಾಗ ಅವಕ್ಕೂ ಸೊಪ್ಪು ಒಗ್ಗಿತು. ಮುಂದೆ ಬೇರ್ಪಡಿಸಿ ಗುರುತಿಸಲಾದ ಆ ಬ್ಯಾಕ್ಟೀರಿಯಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರ ಹೆಸರನ್ನೇ ಇಡಲಾಯಿತು.

ಆದರೆ ಈ ಎಲ್ಲ ರಕ್ಷಣೆಗಳಿಗೂ ಮಿತಿಯಿದೆ. ಸಂತೆಯಿಂದ ಲಾರಿಯಲ್ಲಿ ಬಂದ ಟಗರು ದಾರಿಯುದ್ದಕ್ಕೂ ಹಸಿದಿರುತ್ತದೆ. ಮಂಡ್ಯದ ಕಡೆಯ ಬಯಲಿನಲ್ಲಿ ಬೆಳೆದ ಅದು ನಗರದ ಅಲಂಕಾರಗಿಡವನ್ನು ಎಂದೂ ಕಂಡಿರುವುದಿಲ್ಲ. ಮೇವು ಏಕಾಏಕಿ ಬದಲಾದದ್ದರಿಂದ ಮೆಲುಕುಚೀಲದ ಸೂಕ್ಷ್ಮಜೀವಿಗಳೂ ಏರುಪೇರಾಗಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮಾರುದ್ದದ ಹಗ್ಗಕ್ಕೆ ಕಟ್ಟಿದ ಪ್ರಾಣಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಇಂಥ ಕುರಿಯ ಮುಂದೆ ನೆರೆಮನೆಯವರು ಬೇಲಿ ಕತ್ತರಿಸಿದ ಹಸಿರು ಸೊಪ್ಪನ್ನು ಕರುಣೆಯಿಂದಲೇ ತಂದು ಸುರಿದರೆ, ಅದು ಮೂಸಿ ನೋಡಿ ಬಿಡುವ ಬದಲು ತಿಂದೇಬಿಡುವ ಸಂಭವ ಹೆಚ್ಚು.

ಹೀಗೆ ಸುರಿಯಲ್ಪಡುವ ಗಿಡಗಳಲ್ಲಿ ಹಲವು ಈ ನೆಲದವಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್, ಮುಂದೆ 1874ರಿಂದ ಅದನ್ನು ನೋಡಿಕೊಂಡ ಜಾನ್ ಕ್ಯಾಮೆರಾನ್ ಹಾಗೂ 1908ರಿಂದ ಅದರ ಹೊಣೆ ಹೊತ್ತ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಕಾಲದಲ್ಲಿ ಲೋಕದ ನಾನಾ ಭಾಗಗಳ ಗಿಡಮರಗಳನ್ನು ತಂದು ಒಗ್ಗಿಸುವ ಕೇಂದ್ರವಾಯಿತು, ಮತ್ತು ಉದ್ಯಾನನಗರಿ ಎಂಬ ಹೆಸರಿನ ಹಿಂದೆ ಈ ಪರಂಪರೆಯ ಪಾಲು ದೊಡ್ಡದು. ಹಳದಿ ಕಣಗಿಲೆ, ಡ್ಯುರಾಂಟ, ಲಂಟಾನ, ಡೈಫೆನ್‌ಬೇಕಿಯ ಎಲ್ಲವೂ ಅಮೆರಿಕ ಖಂಡದಿಂದ ಭಾರತಕ್ಕೆ ಬಂದವು. ಬ್ರಿಟನ್ನಿನ ಕುರಿಸಾಕಣೆಯ ಪುಸ್ತಕಗಳು ಎಚ್ಚರಿಸುವ ಯೂ ಮರವಾಗಲಿ, ರೋಡೋಡೆಂಡ್ರಾನ್ ಆಗಲಿ ಕೆಂಗೇರಿಯ ಕೈತೋಟಗಳಲ್ಲಿ ಕಾಣಸಿಗುವುದು ಅಪರೂಪವಾದ್ದರಿಂದ, ಆ ಪುಸ್ತಕಗಳ ಪಟ್ಟಿಯನ್ನು ಇಲ್ಲಿಗೆ ಹಾಗೆಯೇ ತರುವುದರಿಂದ ಪ್ರಯೋಜನವಿಲ್ಲ. ಇಲ್ಲಿ ಮೊದಲು ಅರಿಯಬೇಕಾದದ್ದು ಕಣಗಿಲೆಯನ್ನು.

ಕೆಂಪು, ಗುಲಾಬಿ, ಬಿಳಿ ಹೂ ಬಿಡುವ ಕಣಗಿಲೆಯು ಪೂಜೆಯ ಹೂವಾಗಿ ಹಿತ್ತಿಲಲ್ಲಿಯೂ, ಬಿಸಿಲು, ಹೊಗೆ, ನೀರಿನ ಅಭಾವ ಯಾವುದಕ್ಕೂ ಜಗ್ಗದ ಗಿಡವೆಂದು ಹೆದ್ದಾರಿಯ ವಿಭಜಕಗಳಲ್ಲಿಯೂ ಬೆಳೆಯುತ್ತದೆ. ದನಕರುಗಳು ಮುಟ್ಟುವುದಿಲ್ಲವೆಂಬುದೂ ಅದನ್ನು ರಸ್ತೆಗೆ ಆರಿಸಲು ಒಂದು ಕಾರಣ. ಅವು ಮುಟ್ಟದಿರುವುದು ಅದರ ಕಹಿಯಿಂದ. ಆ ಕಹಿಯ ಹಿಂದೆ ಓಲಿಯಾಂಡ್ರಿನ್ ಮೊದಲಾದ ಹೃದಯ ಗ್ಲೈಕೊಸೈಡುಗಳಿವೆ. ಎಂದರೆ ಸಕ್ಕರೆಯ ಅಣುವಿನೊಡನೆ ಬೆಸೆದುಕೊಂಡಿದ್ದು, ಹೃದಯದ ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುವ ಸಸ್ಯವಸ್ತುಗಳು. ಪ್ರತಿಯೊಂದು ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ಒಂದು ಪಂಪಿನಂಥ ವ್ಯವಸ್ಥೆಯಿದ್ದು, ಈ ವಿಷವು ಅದನ್ನು ಸ್ಥಗಿತಗೊಳಿಸುವುದರಿಂದ ಹೃದಯದ ಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಬಡಿತದ ಲಯ ಕೆಡುತ್ತದೆ.

ಇರಾನಿನ ಪಶುವೈದ್ಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ 110 ಮಿಲಿಗ್ರಾಂ ಒಣ ಕಣಗಿಲೆ ಎಲೆಯೇ ಕುರಿಗಳಿಗೆ ಮಾರಕವಾಯಿತು. 30 ಕಿಲೋಗ್ರಾಂ ತೂಕದ ಟಗರಿಗೆ ಅನ್ವಯಿಸಿದರೆ ಇದು ಕೇವಲ 3.3 ಗ್ರಾಂ, ಅಂದರೆ ಬೆರಳೆಣಿಕೆಯಷ್ಟು ಒಣ ಎಲೆಗಳು. ಎಲೆ ತಿಂದ ಸುಮಾರು ಅರ್ಧ ಗಂಟೆಯಲ್ಲಿಯೇ ಲಕ್ಷಣಗಳು ತೋರಿ, 4ರಿಂದ 12 ಗಂಟೆಗಳೊಳಗೆ ಆ ಕುರಿಗಳು ಸತ್ತವು. ನಾಡಿ ಮೊದಲು ನಿಧಾನವಾಗಿ, ನಡುನಡುವೆ ತಪ್ಪಿ, ಬಳಿಕ ಲಯವಿಲ್ಲದೆ ಓಡತೊಡಗುತ್ತದೆ; ಮೆಲುಕುಚೀಲ ಸ್ತಬ್ಧವಾಗಿ ಹೊಟ್ಟೆ ಉಬ್ಬುತ್ತದೆ; ಪ್ರಾಣಿಯು ನೋವಿನಿಂದ ಹೊಟ್ಟೆಯ ಕಡೆಗೆ ತಿರುಗಿ ನೋಡುತ್ತದೆ, ಪದೇಪದೇ ಮೂತ್ರ ಮಾಡುತ್ತದೆ. ಈ ಗಿಡದ ಬಗ್ಗೆ ತಿಳಿಯಬೇಕಾದ ಅತ್ಯಂತ ಮುಖ್ಯ ಸಂಗತಿಯೆಂದರೆ ಎಲೆ ಒಣಗಿದರೂ ವಿಷ ಕುಂದುವುದಿಲ್ಲ, ಆದರೆ ಕಹಿ ಕಡಿಮೆಯಾಗಿ ಪ್ರಾಣಿಯು ಅದನ್ನು ತಿನ್ನುವ ಸಂಭವ ಹೆಚ್ಚುತ್ತದೆ. ಜೀವಂತ ಬೇಲಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿರಪಾಯವಾಗಿ ಮೇದ ಹಿಂಡೇ ಆ ಬೇಲಿಯನ್ನು ಸವರಿದ ಮೂರನೆಯ ದಿನ ಸಾವಿಗೀಡಾಗಬಹುದಾದದ್ದು ಇದರಿಂದಲೇ. ದೇವಸ್ಥಾನದ ಹಿಂಬದಿಯಲ್ಲಿ ಬಾಡಿದ ಹಾರಗಳನ್ನು ರಾಶಿ ಹಾಕುವ ಜಾಗವನ್ನೂ ಈ ಕಾರಣದಿಂದ ಸಂಶಯದಿಂದ ನೋಡಬೇಕು. ಹೂವಿನಲ್ಲಿಯೂ ವಿಷವಿದೆ, ಹೂ ನೆನೆದ ನೀರಿನಲ್ಲಿಯೂ ಇಳಿಯುತ್ತದೆ. ಶಿವಪೂಜೆಗೆ ಬಳಸುವ ಹಳದಿ ಕಣಗಿಲೆಯು ಬೇರೆ ಸಸ್ಯವಾದರೂ ಅದರ ವಿಷವೂ ಇದೇ ವರ್ಗದ್ದು, ಬೀಜವಂತೂ ಮನುಷ್ಯನಿಗೂ ಮಾರಕ.

ಇಂಥ ಸೊಪ್ಪು ತಿಂದಿತೆಂದು ಗೊತ್ತಾದ ಕೂಡಲೇ ಮಾಡಬೇಕಾದ ಕೆಲಸಗಳಿಗಿಂತ ಮಾಡಬಾರದ ಕೆಲಸಗಳ ಕಡೆಗೇ ಮೊದಲು ಗಮನ ಕೊಡಬೇಕಾಗಿದೆ, ಯಾಕೆಂದರೆ ಗಾಬರಿಯ ಉಪಚಾರವೇ ಎಷ್ಟೋ ಬಾರಿ ಪ್ರಾಣಿಯನ್ನು ಕೊಲ್ಲುತ್ತದೆ. ಕುರಿಗೆ ವಾಂತಿ ಮಾಡಿಸಲು ಯತ್ನಿಸುವುದು ವ್ಯರ್ಥ. ಮೆಲುಕು ಹಾಕುವ ಪ್ರಾಣಿಗಳ ಜಠರದ ರಚನೆಯೇ ಅದಕ್ಕೆ ಅನುವಾಗಿಲ್ಲ, ರೋಡೋಡೆಂಡ್ರಾನ್‌ನಂಥ ಕೆಲವೇ ಸಸ್ಯಗಳ ವಿಷ ಮಾತ್ರ ಇದಕ್ಕೆ ಅಪವಾದ. ಹುಣಸೆರಸ, ಮಜ್ಜಿಗೆ, ಕೊಬ್ಬರಿಎಣ್ಣೆ, ಬೆಲ್ಲದ ನೀರು ಮೊದಲಾದವನ್ನು ತಲೆ ಮೇಲೆತ್ತಿ ಬಾಯಿಗೆ ಸುರಿಯುವ ರೂಢಿ ಹಳ್ಳಿಗಳಲ್ಲಿದೆ. ಹೃದಯವಿಷಕ್ಕೆ ಇವು ಯಾವುವೂ ಪ್ರತ್ಯೌಷಧವಲ್ಲ ಎಂಬುದು ಹಾಗಿರಲಿ, ಬಳಲಿ ನುಂಗುವ ಶಕ್ತಿ ಕುಂದಿದ ಕುರಿಗೆ ಹೀಗೆ ಸುರಿದ ದ್ರವವು ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿದು, ವಿಷದಿಂದ ಪಾರಾಗಬಹುದಾಗಿದ್ದ ಪ್ರಾಣಿಯು ನ್ಯುಮೋನಿಯದಿಂದ ಸಾಯುತ್ತದೆ. ಹಿಂಡನ್ನು ಓಡಿಸಿಕೊಂಡು ಮನೆಗೆ ಮರಳುವುದೂ ತಪ್ಪು. ಲಯ ತಪ್ಪಿದ ಹೃದಯಕ್ಕೆ ನೂರು ಹೆಜ್ಜೆಯ ಓಟವೇ ಸಾಕಾಗಬಹುದು.

ಆದ್ದರಿಂದ ಕುರಿಗಳನ್ನು ಗಿಡದಿಂದ ಮೆಲ್ಲನೆ ದೂರ ಸರಿಸಿ, ನೆರಳಿನಲ್ಲಿ ಅಲುಗಾಡದಂತೆ ನಿಲ್ಲಿಸಿ ಅಥವಾ ಎದೆಯ ಮೇಲೆ ಕೂರಿಸಿ, ಬಾಯಲ್ಲಿ ಉಳಿದ ಎಲೆಯನ್ನು ತೆಗೆದು, ಶುದ್ಧ ನೀರನ್ನಿಟ್ಟು, ಪಶುವೈದ್ಯರನ್ನು ಕರೆಯುವುದೇ ಸಾಕುವವರ ಮೊದಲ ಕರ್ತವ್ಯ. ರಾಜ್ಯದ ಸಂಚಾರಿ ಪಶುಚಿಕಿತ್ಸಾ ವಾಹನಗಳನ್ನು 1962 ಎಂಬ ಸಹಾಯವಾಣಿಯ ಮೂಲಕ ಕರೆಯಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿದ್ದರೂ ಕೆಂಗೇರಿಯಿಂದ ಅದು ನಗರದ ಇನ್ನೊಂದು ಬದಿಯಲ್ಲಿ, 20 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ವಾಹನಸಂಚಾರದ ಹೊತ್ತಿನಲ್ಲಿ ಅಲ್ಲಿಗೆ ತಲುಪುವುದರೊಳಗೆ ಬೆಲೆಯುಳ್ಳ ಸಮಯ ಕಳೆದುಹೋಗುತ್ತದೆಯಾದ್ದರಿಂದ ಮೊದಲ ಔಷಧ ಸ್ಥಳದಲ್ಲಿಯೇ ದೊರೆಯುವುದು ಲೇಸು. ವೈದ್ಯರು ಬರುವವರೆಗೆ ಮಾಡಬಹುದಾದ ಇನ್ನೊಂದು ಉಪಯುಕ್ತ ಕೆಲಸವೆಂದರೆ ತೊಡೆಯ ಒಳಭಾಗದಲ್ಲಿ ಬೆರಳಿಟ್ಟು ನಾಡಿ ಎಣಿಸಿ ಬರೆದಿಡುವುದು. ನೆಮ್ಮದಿಯಾಗಿರುವ ಕುರಿಯ ನಾಡಿಯು ನಿಮಿಷಕ್ಕೆ 70ರಿಂದ 80ರಷ್ಟಿರುತ್ತದೆ. ಅದು 50ರ ಕೆಳಗಿಳಿದರೂ, ನಡುನಡುವೆ ತಪ್ಪುತ್ತಿದ್ದರೂ ಕಣಗಿಲೆಯ ಶಂಕೆ ಬಲವಾಗುತ್ತದೆ.

ವೈದ್ಯರ ಕೈಯಲ್ಲಿರುವ ಮುಖ್ಯ ಸಾಧನ ಸಕ್ರಿಯ ಇದ್ದಿಲು. ಇದು ಒಲೆಯ ಇದ್ದಿಲಲ್ಲ; ವಿಶೇಷ ಸಂಸ್ಕಾರದಿಂದ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳನ್ನು ಪಡೆದ ಈ ಪುಡಿಯು ತನ್ನ ಮೈಗೆ ವಿಷದ ಅಣುಗಳನ್ನು ಅಂಟಿಸಿಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ದೇಹತೂಕದ ಪ್ರತಿ ಕಿಲೋಗ್ರಾಂಗೆ 1ರಿಂದ 3 ಗ್ರಾಂನಂತೆ ನೀರಿನಲ್ಲಿ ಕದಡಿ ಬಾಯಿಯಿಂದ ಹೊಟ್ಟೆಗೆ ಇಳಿಸಿದ ಕೊಳವೆಯ ಮೂಲಕ ಕೊಡಲಾಗುತ್ತದೆ. ಎಲೆ ತಿಂದು ಹೆಚ್ಚು ಹೊತ್ತಾಗಿರದಿದ್ದರೆ ಹಾಗೂ ಪ್ರಾಣಿಯು ಬೆಲೆಯುಳ್ಳದ್ದಾಗಿದ್ದರೆ, ಎಡಪಕ್ಕೆಯನ್ನು ಮರಗಟ್ಟಿಸಿ ಮೆಲುಕುಚೀಲವನ್ನು ತೆರೆದು ಒಳಗಿನ ಸೊಪ್ಪನ್ನು ಕೈಯಿಂದಲೇ ಬರಿದು ಮಾಡುವ ಶಸ್ತ್ರಚಿಕಿತ್ಸೆಯೂ ಉಂಟು. ಹೃದಯ ತೀರ ನಿಧಾನವಾದಾಗ ಅಟ್ರೋಪಿನ್ ಚುಚ್ಚುಮದ್ದು ನೆರವಾಗುತ್ತದೆ. ಮನುಷ್ಯರಿಗೆ ಬಳಸುವ, ಹೃದಯ ಗ್ಲೈಕೊಸೈಡನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯದ ಔಷಧಿಯು ಕುರಿಯ ಬೆಲೆಗಿಂತ ಎಷ್ಟೋ ದುಬಾರಿಯಾಗಿರುವುದರಿಂದ ಅದು ಇಲ್ಲಿ ಲೆಕ್ಕಕ್ಕಿಲ್ಲ.

ಬಿದ್ದ ಕುರಿಗೆ ಕ್ಯಾಲ್ಸಿಯಂ ಹಾಕಿಸುವ ರೂಢಿಯು ಸಾಕುವವರಲ್ಲಿ ಎಷ್ಟು ಬೇರೂರಿದೆಯೆಂದರೆ, ವೈದ್ಯರು ಹಾಕದಿದ್ದರೆ ಚಿಕಿತ್ಸೆಯೇ ಆಗಲಿಲ್ಲವೆಂದು ಭಾವಿಸುವವರಿದ್ದಾರೆ. ಮರಿ ಹಾಕುವ ಆಸುಪಾಸಿನ ಕ್ಯಾಲ್ಸಿಯಂ ಕೊರತೆಯಲ್ಲಿ ಅದು ಜೀವರಕ್ಷಕವೇ ಸರಿ. ಆದರೆ ಕಣಗಿಲೆ ತಿಂದು ಈಗಾಗಲೇ ಕ್ಯಾಲ್ಸಿಯಂ ತುಂಬಿಕೊಂಡಿರುವ ಹೃದಯಕ್ಕೆ ರಕ್ತನಾಳದ ಮೂಲಕ ಮತ್ತಷ್ಟು ಕ್ಯಾಲ್ಸಿಯಂ ಹರಿಸುವುದು ಅದನ್ನು ನಿಲ್ಲಿಸಿಬಿಡಬಹುದು. ಪೊಟ್ಯಾಸಿಯಂ ಇರುವ ದ್ರವಗಳಿಗೂ ಇದೇ ಮಾತು ಸಲ್ಲುತ್ತದೆ. ಕುರಿ ಏನು ತಿಂದಿತೆಂಬುದನ್ನು ಮುಚ್ಚಿಡದೆ, ಸಾಧ್ಯವಾದರೆ ರೆಂಬೆಯೊಂದನ್ನೇ ತಂದು ವೈದ್ಯರಿಗೆ ತೋರಿಸಬೇಕೆನ್ನುವುದು ಇದಕ್ಕಾಗಿಯೇ. ಬೇರೆಯವರ ತೋಟಕ್ಕೆ ಹಿಂಡು ನುಗ್ಗಿತ್ತೆಂದು ಒಪ್ಪಿಕೊಳ್ಳಲು ಕುರಿಗಾಹಿ ಹಿಂಜರಿಯುವುದು ಸಹಜವಾದರೂ ಆ ಹಿಂಜರಿಕೆಯ ಬೆಲೆಯನ್ನು ತೆರುವುದು ಕುರಿ.

ಕಣಗಿಲೆಯು ಗಂಟೆಗಳಲ್ಲಿ ಕೊಲ್ಲುವ ವಿಷವಾದರೆ ಲಂಟಾನವು ದಿನಗಳಲ್ಲಿ, ವಾರಗಳಲ್ಲಿ ಕೊಲ್ಲುವ ವಿಷ. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಗಿಡವಾಗಿ ಬಂದ ಇದು ತೋಟದ ಬೇಲಿ ಹಾರಿ ಇಡೀ ದಕ್ಷಿಣದ ಕಾಡುಗಳನ್ನು ಆವರಿಸಿದ್ದು, ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಾಂಡದಿಂದ ಪೀಠೋಪಕರಣ ಮಾಡುವಷ್ಟು ಹೇರಳವಾಗಿದೆ. ಕೆಂಗೇರಿಯ ಖಾಲಿ ನಿವೇಶನಗಳಲ್ಲಿ ಕಾಡುಗಿಡವಾಗಿ ಬೆಳೆಯುವ ಇದರ ಕುಳ್ಳ ತಳಿಗಳನ್ನು ನರ್ಸರಿಗಳು ಈಗಲೂ ಕುಂಡಗಳಲ್ಲಿ ಮಾರುತ್ತವೆ ಎಂಬುದು ವಿಪರ್ಯಾಸ. ಹಸಿರು ಮೇವಿರುವಾಗ ಕುರಿಯು ಇದರ ಒರಟು, ಘಾಟು ವಾಸನೆಯ ಎಲೆಯನ್ನು ಮುಟ್ಟುವುದಿಲ್ಲ. ಮಾರ್ಚ್‌ನಿಂದ ಮುಂಗಾರಿನವರೆಗೆ ಹುಲ್ಲು ಸುಟ್ಟುಹೋದಾಗ ಹಸಿರಾಗಿ ಉಳಿಯುವುದು ಇದೊಂದೇ ಆದ್ದರಿಂದ ಆಗ ತಿನ್ನುತ್ತದೆ.

ಲಂಟಾನದ ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷವು ಪಿತ್ತಜನಕಾಂಗ ಅಥವಾ ಯಕೃತ್ತಿನೊಳಗಿನ ಸೂಕ್ಷ್ಮ ಪಿತ್ತನಾಳಗಳ ಹರಿವನ್ನು ನಿಲ್ಲಿಸುತ್ತದೆ. ಹಸಿರು ಎಲೆಗಳ ಪತ್ರಹರಿತ್ತು ಮೆಲುಕುಚೀಲದಲ್ಲಿ ಒಡೆದಾಗ ಫಿಲ್ಲೊಎರಿತ್ರಿನ್ ಎಂಬ ವಸ್ತು ಉಂಟಾಗುತ್ತದೆ ಮತ್ತು ಆರೋಗ್ಯವಂತ ಕುರಿಯಲ್ಲಿ ಅದು ಪಿತ್ತದೊಡನೆ ಹೊರಹೋಗುತ್ತದೆ. ಪಿತ್ತದ ದಾರಿ ಕಟ್ಟಿದಾಗ ಅದು ರಕ್ತದಲ್ಲಿ ಉಳಿದು ಚರ್ಮಕ್ಕೆ ಬಂದು, ಬಿಸಿಲು ಬಿದ್ದಲ್ಲೆಲ್ಲ ಚರ್ಮವನ್ನು ಸುಡತೊಡಗುತ್ತದೆ. ಬೆಳಕಿನಿಂದಾಗುವ ಈ ಉರಿಯೂತವು ಉಣ್ಣೆ ಕಡಿಮೆಯಿರುವ, ಬಣ್ಣವಿಲ್ಲದ ಭಾಗಗಳಲ್ಲಿ, ಅಂದರೆ ಮೂತಿ, ಕಿವಿ, ಕಣ್ಣಿನ ರೆಪ್ಪೆಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಈ ಭಾಗದಲ್ಲಿ ಮಾಂಸಕ್ಕೆ ಹೆಸರಾದ ಬನ್ನೂರು ಕುರಿಯು ಬಹುಪಾಲು ಬಿಳಿಯ ಬಣ್ಣದ್ದಾಗಿರುವುದರಿಂದ ಅದು ಈ ಬಾಧೆಗೆ ಸುಲಭವಾಗಿ ತುತ್ತಾಗುತ್ತದೆ. ಮೇವು ಬಿಡುವುದು, ಹಿಕ್ಕೆ ಗಟ್ಟಿಯಾಗುವುದು, ಕಣ್ಣಿನ ಬಿಳಿಭಾಗ ಹಳದಿಯಾಗುವುದು, ಮೂತ್ರ ಕಂದುಬಣ್ಣವಾಗುವುದು, ನೆರಳು ಹುಡುಕಿ ಒದ್ದಾಡುವುದು ಇದರ ಕ್ರಮ.

ಈ ವಿಷದ ಇನ್ನೊಂದು ಕುಟಿಲತೆಯನ್ನು ಚಿಕಿತ್ಸಕರು ಮರೆಯುವಂತಿಲ್ಲ. ಯಕೃತ್ತಿಗೆ ಪೆಟ್ಟು ಬಿದ್ದೊಡನೆ ಮೆಲುಕುಚೀಲದ ಚಲನೆ ನಿಲ್ಲುತ್ತದೆ. ಅದು ನಿಂತದ್ದರಿಂದ ತಿಂದ ಲಂಟಾನ ಅಲ್ಲಿಯೇ ಕೂತು ದಿನಗಟ್ಟಲೆ ವಿಷವನ್ನು ಬಿಡುತ್ತಲೇ ಇರುತ್ತದೆ. ಆದ್ದರಿಂದ ಕಣಗಿಲೆಯಲ್ಲಿ ಕೆಲವೇ ಗಂಟೆಗಳಲ್ಲಿ ಫಲ ಕಾಣಬೇಕಾದ ಸಕ್ರಿಯ ಇದ್ದಿಲು, ಇಲ್ಲಿ ಲಕ್ಷಣಗಳು ತೋರಿದ ಅನಂತರವೂ ಉಪಯುಕ್ತ. ಪ್ರತಿ ಕಿಲೋಗ್ರಾಂಗೆ 5 ಗ್ರಾಂನಷ್ಟು ದೊಡ್ಡ ಪ್ರಮಾಣವನ್ನು ಪುಸ್ತಕಗಳು ಸೂಚಿಸುತ್ತವೆ. ಕುರಿಯನ್ನು ಬಿಸಿಲು ಬೀಳದ ಕೊಟ್ಟಿಗೆಯಲ್ಲಿಟ್ಟು, ರಕ್ತನಾಳದ ಮೂಲಕ ದ್ರವ ಕೊಟ್ಟು, ಸುಟ್ಟ ಚರ್ಮಕ್ಕೆ ನೊಣ ಕೂತು ಹುಳು ಬೀಳದಂತೆ ಮುಲಾಮು ಹಚ್ಚುತ್ತಾ, ಫಿಲ್ಲೊಎರಿತ್ರಿನ್ ಮತ್ತೆ ಹುಟ್ಟದಂತೆ ಹಸಿರುಮೇವಿನ ಬದಲು ಒಣಹುಲ್ಲನ್ನು ಕೊಡಬೇಕು. ಹಸಿವು ಮರಳದಿದ್ದರೆ ಆರೋಗ್ಯವಂತ ಕುರಿಯ ಮೆಲುಕುಚೀಲದ ರಸವನ್ನು ಕಸಾಯಿಖಾನೆಯಿಂದ ಬಿಸಿಯಾಗಿರುವಾಗಲೇ ತಂದು ಸೋಸಿ ಕುಡಿಸುವ ಪದ್ಧತಿಯಿದೆ. ಹವಾಯಿಯ ಆಡಿನಿಂದ ಆಸ್ಟ್ರೇಲಿಯದ ದನಕ್ಕೆ ಸಂದದ್ದೂ ಇದೇ ಬಗೆಯ ಉಪಕಾರ.

ಉಳಿದ ಗಿಡಗಳನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. ಕೆರೆ, ಕಾಲುವೆಗಳ ದಡದಲ್ಲಿ ತಿಳಿನೇರಳೆ ಬಣ್ಣದ ಕೊಳವೆ ಹೂ ಬಿಡುವ ಐಪೋಮಿಯ ಕಾರ್ನಿಯ ಎಂಬ ಪೊದೆಯೂ ಮೂಲತಃ ತೋಟದ ಗಿಡವೇ. ವಾರಗಟ್ಟಲೆ ತಿಂದಾಗ ಇದರ ಸ್ವೈನ್ಸೊನಿನ್ ನರಕೋಶಗಳಲ್ಲಿ ಒಡೆಯದ ಸಕ್ಕರೆಯನ್ನು ತುಂಬಿಸಿ, ಕುರಿಯು ತೂರಾಡುವಂತೆ, ತಲೆ ನಡುಗಿಸುವಂತೆ ಮಾಡುತ್ತದೆ. ರುಚಿ ಹತ್ತಿದ ಕುರಿ ಅದನ್ನೇ ಹುಡುಕಿ ಹೋಗುತ್ತದೆಂಬುದು ಇದರ ವಿಶೇಷ. ಡೈಫೆನ್‌ಬೇಕಿಯದಂಥ ಕುಂಡದ ಗಿಡಗಳಲ್ಲಿ ಸೂಜಿಯಾಕಾರದ ಆಕ್ಸಲೇಟ್ ಹರಳುಗಳಿದ್ದು ಬಾಯಿ ಊದಿ ಜೊಲ್ಲು ಸುರಿಯುತ್ತದೆ, ಸಾವು ವಿರಳ. ಹರಳುಗಿಡದಲ್ಲಿ ಎಲೆಗಿಂತ ಬೀಜವೂ, ಉಮ್ಮತ್ತಿಯಲ್ಲಿ ಇಡೀ ಗಿಡವೂ ಅಪಾಯಕಾರಿ. ಹಿತ್ತಿಲ ಮರಗೆಣಸಿನ ಎಲೆ ಹಾಗೂ ಕೊಯ್ದ ಕೂಳೆಯಿಂದ ಚಿಗುರಿದ ಎಳೆ ಜೋಳ ಸಯನೈಡನ್ನು ಬಿಡುಗಡೆ ಮಾಡಬಲ್ಲವು. ವೃಷಭಾವತಿಯಂಥ ಕೊಳಚೆ ಹೊತ್ತ ನದಿಯ ನೀರು ಸಾರಜನಕದಿಂದ ಕೂಡಿರುವುದರಿಂದ ಅದರಲ್ಲಿ ಹುಲುಸಾಗಿ ಬೆಳೆದ ಮೇವು ನೈಟ್ರೇಟನ್ನು ಕೂಡಿಟ್ಟುಕೊಳ್ಳುವ ಸಂಭವವಿದೆ. ಇವೆರಡರಲ್ಲೂ ಕುರಿ ಏದುಸಿರು ಬಿಟ್ಟು ಕೆಲವೇ ನಿಮಿಷಗಳಲ್ಲಿ ಬೀಳುತ್ತದೆ. ರಕ್ತ ಕಡುಗೆಂಪಾಗಿ ಹೊಳೆಯುತ್ತಿದ್ದರೆ ಸಯನೈಡ್, ಚಾಕೊಲೇಟಿನಂತೆ ಕಂದಾಗಿದ್ದರೆ ನೈಟ್ರೇಟಿನಿಂದ ಹುಟ್ಟಿದ ನೈಟ್ರೈಟ್ ಎಂದು ಊಹಿಸಿ, ಮೊದಲನೆಯದಕ್ಕೆ ಸೋಡಿಯಂ ಥಯೊಸಲ್ಫೇಟನ್ನೂ ಎರಡನೆಯದಕ್ಕೆ ಮೀಥೈಲೀನ್ ಬ್ಲೂ ಔಷಧಿಯನ್ನೂ ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ.

ಆದರೆ ತೋಟದ ಪಕ್ಕದಲ್ಲಿ ಸತ್ತ ಕುರಿಯೆಲ್ಲ ತೋಟದ ಗಿಡದಿಂದಲೇ ಸತ್ತಿತೆಂದು ತೀರ್ಮಾನಿಸುವುದು ಸರಿಯಲ್ಲ. ಕಲ್ಯಾಣಮಂಟಪಗಳ ಹಿಂದೆ ಎಸೆದ ಅನ್ನವನ್ನು ಹೊಟ್ಟೆ ತುಂಬ ತಿಂದ ಕುರಿಯಲ್ಲಿ ಪಿಷ್ಟವು ಹುಳಿತು ಆಮ್ಲವಾಗಿ, ಕುರಿ ಬಿದ್ದು, ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಬ್ಬಕ್ಕಾಗಿ ಮೈ ತುಂಬಲೆಂದು ಜೋಳ, ಹಿಂಡಿಯನ್ನು ಒಮ್ಮೆಲೇ ಹೆಚ್ಚಿಸಿದಾಗಲೂ ಇದೇ ಫಲ. ಮುಂಗಾರಿನ ಎಳೆಹುಲ್ಲಿನ ಕಾಲದಲ್ಲಿ ಚೆನ್ನಾಗಿ ಮೇದ ಮರಿಗಳು ರಾತ್ರೋರಾತ್ರಿ ಸಾಯುವ ಕರುಳುಬೇನೆ ಎಂಬ ರೋಗವು ಬ್ಯಾಕ್ಟೀರಿಯದ ವಿಷದಿಂದ ಬರುವಂಥದ್ದು, ಮುಂಗಾರಿಗೆ ಮುನ್ನ ಲಸಿಕೆ ಹಾಕಿಸಿದರೆ ತಡೆಯಬಹುದಾದದ್ದು. ಬೇಲಿಗೆ ಸಿಂಪಡಿಸಿದ ಕೀಟನಾಶಕ ಎಲೆಯೊಡನೆ ಹೊಟ್ಟೆ ಸೇರಿದರೆ ಜೊಲ್ಲು, ಭೇದಿ, ಕುಗ್ಗಿದ ಕಣ್ಣುಗೊಂಬೆ, ಮಾಂಸಖಂಡಗಳ ಅದುರು ಕಾಣುತ್ತವೆ. ನೆರೆಹೊರೆಯ ಜಗಳಗಳಲ್ಲಿ ವಿಷ ಹಾಕಿದರೆಂಬ ಆರೋಪಕ್ಕೆ ಮೂಲವಾಗುವ ಸಾವುಗಳಲ್ಲಿ ಇಂಥವೂ ಸೇರಿರಬಹುದಾದ್ದರಿಂದ ಮರಣೋತ್ತರ ಪರೀಕ್ಷೆಗೆ ಬರಿಯ ವೈದ್ಯಕೀಯ ಮಹತ್ತ್ವಕ್ಕಿಂತ ಹೆಚ್ಚಿನದಿದೆ.

ಆ ಪರೀಕ್ಷೆಯಲ್ಲಿ ಮೆಲುಕುಚೀಲವನ್ನು ತೆರೆದು ಎಲೆಯ ಚೂರುಗಳನ್ನು ನೀರಿನಲ್ಲಿ ತೊಳೆದು ನೋಡುವುದು ಸರಳವಾದರೂ ಬೆಲೆಬಾಳುವ ಕ್ರಮ. ಕಣಗಿಲೆಯ ಎಲೆಯಲ್ಲಿ ನಡುನರದಿಂದ ಅಂಚಿನವರೆಗೆ ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಸಾಗುವ ಪಕ್ಕನರಗಳು ಜಗಿದ ಚೂರಿನಲ್ಲಿಯೂ ಗುರುತು ಸಿಗುತ್ತವೆ. ರಾಸಾಯನಿಕ ಪರೀಕ್ಷೆಗೆ ಮೆಲುಕುಚೀಲದ ವಸ್ತುವನ್ನು ಏನನ್ನೂ ಬೆರೆಸದೆ ಮಂಜುಗಡ್ಡೆಯ ಮೇಲಿಟ್ಟು, ಯಕೃತ್ತು ಮತ್ತು ಹೃದಯದ ತುಂಡುಗಳನ್ನು ಫಾರ್ಮಲಿನ್‌ನಲ್ಲಿಟ್ಟು, 1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಂಥ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಕುರಿಯ ಆಕಸ್ಮಿಕ ಸಾವಿಗೆ ಪರಿಹಾರ ಕೊಡುವ ರಾಜ್ಯದ ಅನುಗ್ರಹ ಯೋಜನೆಯ ಮೊತ್ತವನ್ನು 2025-26ರ ಆಯವ್ಯಯವು 5,000 ರೂಪಾಯಿಯಿಂದ 7,500 ರೂಪಾಯಿಗೆ ಏರಿಸಿದ್ದು, ಅದಕ್ಕೂ ಸರ್ಕಾರಿ ಪಶುವೈದ್ಯರ ಮರಣೋತ್ತರ ವರದಿಯೇ ಆಧಾರ.

ಈ ಹಂತದಲ್ಲಿ ಎದುರಾಗುವ ಪ್ರಲೋಭನೆಯೊಂದನ್ನು ಮರೆಮಾಚದೆ ಹೇಳಬೇಕು. ಸಾಯುತ್ತಿರುವ ಕುರಿಯನ್ನು ಅದು ಸಾಯುವ ಮೊದಲೇ ಕೊಯ್ದು ಮಾಂಸಕ್ಕೆ ಮಾರಿದರೆ ಅರ್ಧ ಬೆಲೆಯಾದರೂ ದಕ್ಕುತ್ತದೆಂದು ಎಣಿಸುವವರಿದ್ದಾರೆ. ಕಣಗಿಲೆಯ ಗ್ಲೈಕೊಸೈಡ್ ಬೇಯಿಸಿದರೂ ನಾಶವಾಗುವುದಿಲ್ಲ, ಒಳಾಂಗಗಳಲ್ಲಿ ಅದರ ಶೇಷ ಉಳಿದಿರಬಹುದು. ಆದ್ದರಿಂದ ಇಂಥ ಪ್ರಾಣಿಯ ಮಾಂಸ ಮನುಷ್ಯರಿಗಾಗಲಿ ನಾಯಿಗಳಿಗಾಗಲಿ ಸಲ್ಲದು, ಕಳೇಬರವನ್ನು ಆಳವಾಗಿ ಹೂಳಬೇಕು.

ಚಿಕಿತ್ಸೆಯ ಫಲ ಇಷ್ಟು ಅನಿಶ್ಚಿತವಾಗಿರುವಾಗ ತಡೆಯುವ ಕೆಲಸ ಬಹುಮಟ್ಟಿಗೆ ಕುರಿಗಾಹಿಗಿಂತ ತೋಟಗಾರನ ಕೈಯಲ್ಲಿದೆ ಎನ್ನಬೇಕು. ಸವರಿದ ರೆಂಬೆಗಳನ್ನು ಖಾಲಿ ನಿವೇಶನಕ್ಕೆ ಎಸೆಯುವುದು ಬಡಾವಣೆಗಳ ನಿತ್ಯದ ಅಭ್ಯಾಸ, ಮತ್ತು ಅದೇ ನಿವೇಶನ ಕುರಿಯ ಗೋಮಾಳ. ಕಣಗಿಲೆಯ ತುಂಡುಗಳನ್ನು ಅಂದೇ ಚೀಲಕ್ಕೆ ತುಂಬಿ ಕಸದ ವಾಹನಕ್ಕೆ ಕೊಡಬೇಕೇ ಹೊರತು ಸುಡಬಾರದು, ಅದರ ಹೊಗೆಯೂ ಹಿತವಲ್ಲ. ಹೊಸದಾಗಿ ತಂದ ಟಗರಿಗೆ ಬೇಲಿಸೊಪ್ಪಿನ ಬದಲು ಹಲಸಿನ ಎಲೆ, ಹಾಲವಾಣ, ಅಗಸೆ, ನುಗ್ಗೆಸೊಪ್ಪು ಅಥವಾ ರಾಗಿಹುಲ್ಲನ್ನು ಕೊಡಬಹುದು. ಈ ಭಾಗದ ಮನೆಗಳಿಗೆ ಇವು ಅಪರೂಪದ ವಸ್ತುಗಳೇನಲ್ಲ. ಬೇಲಿಗೆ ಹೂವೇ ಬೇಕೆನ್ನುವವರಿಗೆ ದಾಸವಾಳವೂ ಕಾಗದದ ಹೂವೂ ಇವೆ. ಕಾಗದದ ಹೂವಿನ ಬೇಲಿಯನ್ನು ಸವರಿದ ದಿನ ಮುಳ್ಳಿನ ದಪ್ಪ ಕಡ್ಡಿಗಳನ್ನು ಮಾತ್ರ ಬೇರ್ಪಡಿಸಿದರೆ, ಉಳಿದ ಎಳೆಸೊಪ್ಪನ್ನು ಕುರಿಯ ಮುಂದೆ ನಿಶ್ಚಿಂತೆಯಿಂದ ಹಾಕಬಹುದು.